ಬಿಟ್ಟಿ ಕೊಟ್ಟರೆ ಸಾಲದು, ಶಾಸನ ಬರೆಸಿ

ಹೂಲಿಯ ಪಂಚಲಿಂಗೇಶ್ವರ ಗುಡಿ ನೋಡಿದವರಿಗೆ ಶಾಸನದ ಕಲ್ಲುಗಳ ಬಗ್ಗೆ ಹೇಳಬೇಕಿಲ್ಲ. ಆಗ ಈ ಊರಿನ ಹೆಸರು ಪೂಲಿ. ದಾನಶಾಸನ ಅಂದರೆ ಸುಮ್ಮನೆ ಹೊಗಳಿಕೆ ಅಲ್ಲ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ಕೆಲಸಕ್ಕೆ ಕೊಟ್ಟರು, ಹೊಲದ ಸೀಮೆ ಎಲ್ಲಿಂದ ಎಲ್ಲಿಗೆ, ಎಲ್ಲ ಕೊರೆಸುತ್ತಿದ್ದರು. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟಲಿ ಎಂಬ ಶಾಪವನ್ನೂ ನಮ್ಮ ನಾಡಿನ ಎಷ್ಟೋ ಶಾಸನಗಳ ಕೊನೆಯಲ್ಲಿ ಕಾಣಬಹುದು. ಬಾಯಿಮಾತಿನ ಮೇಲೆ ಕೊಟ್ಟ ಹೊಲ ಮೊಮ್ಮಕ್ಕಳ ಕಾಲಕ್ಕೆ ಕೋರ್ಟು ಹತ್ತುತ್ತದೆ ಅಂತ ಆ ಹಿರಿಯರಿಗೆ ಗೊತ್ತಿತ್ತು.

ಈ ಮಾತನ್ನು ಕನ್ನಡದ ಸಾಫ್ಟ್‌ವೇರ್ ಮಾಡಿಸಿದವರು ಮರೆತರು. ನಮ್ಮ ಜಗಳ ಇರುವುದು ಅಲ್ಲಿ.

ನಾವು ಕಾಲೇಜಿನಲ್ಲಿದ್ದಾಗ ಊರಿನ ಕೆರೆಯ ಬಗ್ಗೆ ನಾಲ್ಕು ಪುಟದ ವರದಿ ಬರೆದು, ತಾಲ್ಲೂಕಿನ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆವು. ಫೈಲನ್ನು ವಾಟ್ಸಾಪಿನಲ್ಲಿ ಊರಿನವರಿಗೆ ಕಳಿಸಿದರೆ ಅವರ ಫೋನಿನಲ್ಲಿ ಒಂದು ಕನ್ನಡ ಅಕ್ಷರವೂ ಇಲ್ಲ. ಬರೀ ಇಂಗ್ಲಿಷಿನ ಕಲಸುಮೇಲೋಗರ. "ಇದೇನ್ರೋ, ದೆವ್ವ ಹೊಕ್ಕೈತೇನು?" ಅಂದರು ಒಬ್ಬ ಅಜ್ಜ. ದೆವ್ವ ಅಲ್ಲ. ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಕಂಪ್ಯೂಟರಿನ ಲೆಕ್ಕಕ್ಕೆ ಅದು ಇಂಗ್ಲಿಷೇ. ಆ ಫಾಂಟು ಇಲ್ಲದ ಕಡೆ ಕನ್ನಡದ ವೇಷ ಕಳಚಿಬೀಳುತ್ತದೆ.

ಯಾವ ಅಕ್ಷರ ಯಾವ ಜಾಗದಲ್ಲಿ ಕೂರಬೇಕು ಎಂಬ ಈ ಪಟ್ಟಿಯ ಮೇಲೂ, ಫಾಂಟುಗಳ ಮೇಲೂ ಕನ್ನಡದಲ್ಲಿ ದೊಡ್ಡ ಜಗಳ ಆಗಿದೆ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಆಮೇಲೆ ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಮಾಡಿದ ತಂತ್ರಾಂಶ 'ನುಡಿ' ಎಂಬ ಹೆಸರಿನಲ್ಲಿ ಕಚೇರಿ ಕಚೇರಿಗೂ ಹೋಯಿತು. ಇದು ನಮ್ಮ ಬರಹದ ನಕಲು ಎಂದು ಶೇಷಾದ್ರಿವಾಸು ಬಹಿರಂಗವಾಗಿಯೇ ಆರೋಪಿಸಿದರು. ಅತ್ತ ಪೂರ್ಣಚಂದ್ರ ತೇಜಸ್ವಿಯವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಜೊತೆ ನಿಂತು 'ಕುವೆಂಪು' ತಂತ್ರಾಂಶಕ್ಕೆ ದುಡಿದರು. ಯಾರು ಸರಿ ಅಂತ ತೀರ್ಪು ಕೊಡಲು ನಾವು ನ್ಯಾಯಾಧೀಶರಲ್ಲ. ನಮ್ಮ ಪ್ರಶ್ನೆ ಬೇರೆ. ಜನರ ದುಡ್ಡಿನಲ್ಲಿ ಮಾಡಿದ ತಂತ್ರಾಂಶದ ಮೂಲ ಸಂಕೇತವನ್ನು, ಅಂದರೆ ಅದನ್ನು ಬರೆದ ಸಾಲುಗಳನ್ನು, ಮೊದಲ ದಿನವೇ ಎಲ್ಲರ ಮುಂದೆ ಇಟ್ಟಿದ್ದರೆ ನಕಲು ಹೌದೋ ಅಲ್ಲವೋ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದಿತ್ತಲ್ಲ? ನುಡಿಯನ್ನು ಬಿಟ್ಟಿ ಹಂಚಿದರು. ಬಿಟ್ಟಿ ಬೇರೆ, ಮುಕ್ತ ಬೇರೆ. ಜಾತ್ರೆಯಲ್ಲಿ ಪ್ರಸಾದ ಬಿಟ್ಟಿ ಸಿಗುತ್ತದೆ, ಆದರೆ ಅಡುಗೆಮನೆಗೆ ಬಿಡುವುದಿಲ್ಲ.

ಇನ್ನು ಕೆ. ಪಿ. ರಾವ್ ಅವರ ವಿಷಯ. ಕಿನ್ನಿಕಂಬಳದ ಈ ಹಿರಿಯರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಒಂದು ವಾರದಲ್ಲಿ ಕೈ ಕೂರುತ್ತದೆ. ಅದನ್ನು ತಮ್ಮದು ಎಂದು ಕಟ್ಟಿಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ನುಡಿಯ ಕೀಲಿಮಣೆಗೆ ಆಧಾರ ಅದೇ. ಈಗ ಯಾವುದಾದರೂ ಲಿನಕ್ಸ್ ಕಂಪ್ಯೂಟರಿನಲ್ಲಿ ಕೀಲಿಮಣೆಗಳ ಪಟ್ಟಿ ತೆರೆದು ನೋಡಿ. ಕನ್ನಡಕ್ಕೆ 'ಕಗಪ' ಅಂತ ಇದೆ. ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ ಕಗಪ ಇದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ಆ ಪಟ್ಟಿಯಲ್ಲಿ ರಾವ್ ಹೆಸರಿಲ್ಲ. ಗುಡಿ ಕಟ್ಟಿದವರ ಹೆಸರು ಬಿಟ್ಟು ಹಂಚು ಹೊದಿಸಿದವರ ಹೆಸರು ಕೊರೆದ ಹಾಗಾಯಿತು ಇದು. ರಾವ್ ಅವರಿಗೆ ಇದರಿಂದ ಬೇಜಾರಿಲ್ಲದೆ ಇರಬಹುದು. ನಮಗೆ ಇದೆ.

ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಶುರುಮಾಡಿದ್ದು. 2003ರಲ್ಲಿ ಅಮೆರಿಕದ ಎಸ್‌ಸಿಒ ಎಂಬ ಕಂಪನಿ, ನಮ್ಮ ಯುನಿಕ್ಸ್‌ನ ಸಾಲುಗಳನ್ನು ಲಿನಕ್ಸಿಗೆ ಸೇರಿಸಿದ್ದಾರೆ ಎಂದು ಐಬಿಎಂ ಮೇಲೆ ನೂರು ಕೋಟಿ ಡಾಲರ್ ದಾವೆ ಹೂಡಿತು. ಲಿನಕ್ಸ್ ಬಳಸುವವರೂ ದುಡ್ಡು ಕಟ್ಟಬೇಕು ಎಂದು ಹೆದರಿಸಿತು. ಯುನಿಕ್ಸ್ ಹಕ್ಕು ಎಸ್‌ಸಿಒ ಬಳಿ ಇಲ್ಲವೇ ಇಲ್ಲ, ಅದು ನೋವೆಲ್ ಕಂಪನಿಯದು ಎಂದು 2010ರಲ್ಲಿ ಜ್ಯೂರಿ ಹೇಳಿತು. ವ್ಯಾಜ್ಯದ ಬಾಲ ಮಾತ್ರ 2021ರವರೆಗೆ ಎಳೆಯಿತು. ಕೊನೆಗೆ 1.425 ಕೋಟಿ ಡಾಲರಿಗೆ ರಾಜಿ. ಹದಿನೆಂಟು ವರ್ಷ! ನಮ್ಮ ಕಡೆಯ ಬದುವಿನ ವ್ಯಾಜ್ಯಗಳಿಗೂ ನಾಚಿಕೆ ಆಗಬೇಕು.

ಲಿನಕ್ಸಿನವರು ಆಗ ಮಾಡಿದ ಕೆಲಸ ನೋಡಿ. 2004ರಿಂದ, ಒಂದೇ ಒಂದು ಸಾಲು ತಿದ್ದಿದರೂ "ಇದನ್ನು ಕೊಡುವ ಹಕ್ಕು ನನಗಿದೆ" ಎಂದು ಕೊಡುವವರು ತಮ್ಮ ಹೆಸರು ಬರೆದು ಒಪ್ಪಿಕೊಳ್ಳಬೇಕು ಎಂಬ ನಿಯಮ ತಂದರು. ಲೈಸೆನ್ಸು ಅದಕ್ಕೂ ಮೊದಲೇ ಇತ್ತು, ಜಿಪಿಎಲ್ ಅಂತ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ. ಆದರೆ ತಿದ್ದಿದ್ದನ್ನು ಹಂಚುವಾಗ ಮೂಲ ಸಂಕೇತವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು, ಮೊದಲಿನವರ ಹೆಸರು ಅಳಿಸಬಾರದು. ಮುರಿದರೆ ತಿದ್ದುವ, ಹಂಚುವ ಹಕ್ಕೇ ಹೋಗುತ್ತದೆ. ಹುಳುವಾಗಿ ಹುಟ್ಟುವ ಶಾಪ ಒಂದಿಲ್ಲ, ಉಳಿದದ್ದೆಲ್ಲ ದಾನಶಾಸನವೇ.

ಇದು ಬೆಂಗಳೂರಿನ ಇಂಜಿನಿಯರುಗಳ ತಲೆನೋವು, ಹಳ್ಳಿಗೇನು ಅಂತ ಕೇಳುವವರಿದ್ದಾರೆ. 2013ರಲ್ಲಿ ಐಐಟಿ ಬಾಂಬೆಯವರ 'ಸ್ವರಚಕ್ರ' ಎಂಬ ಭಾರತೀಯ ಭಾಷೆಗಳ ಕೀಲಿಮಣೆ ಆ್ಯಪನ್ನು ಗೂಗಲ್ ತನ್ನ ಪ್ಲೇ ಸ್ಟೋರಿನಿಂದ ತೆಗೆದುಹಾಕಿತು. ಕಾರಣ, ಒಂದು ಖಾಸಗಿ ಕಂಪನಿಯ ಪೇಟೆಂಟ್ ದೂರು. ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ ಎನ್ನುತ್ತದೆ. ಆದರೂ ಒಂದು ದೂರು ಸಾಕಾಯಿತು. ಐಐಟಿಗೇ ಹೀಗಾದರೆ, ಊರಿನ ಹುಡುಗಿಯೊಬ್ಬಳು ಮಾಡಿದ ಆ್ಯಪಿಗೆ ನೋಟಿಸು ಬಂದರೆ ವಕೀಲರ ಫೀಸು ಯಾರು ಕೊಡುತ್ತಾರೆ?

ಇನ್ನು ಕೆಲವರು ಎಲ್ಲ ಮುಕ್ತ ಅಂದಮೇಲೆ ಯಾರದ್ದು ಯಾರು ಬೇಕಾದರೂ ಎತ್ತಿಕೊಳ್ಳಬಹುದು ಎನ್ನುತ್ತಾರೆ. ಅದನ್ನೂ ನಾವು ಒಪ್ಪುವುದಿಲ್ಲ. ಕೀಲಿಮಣೆಯಲ್ಲಿ ಕ ಎಲ್ಲಿ, ಫಾಂಟಿನಲ್ಲಿ ಯಾವ ಅಕ್ಷರ ಎಷ್ಟನೆಯ ಜಾಗ ಎಂಬುದು ದಾರಿ ಇದ್ದ ಹಾಗೆ. ಅದಕ್ಕೆ ಯಾರೂ ಬೇಲಿ ಹಾಕಬಾರದು. ಆಂಡ್ರಾಯ್ಡಿಗಾಗಿ ಜಾವಾದ ಸುಮಾರು 11,500 ಸಾಲು ಎತ್ತಿಕೊಂಡ ಗೂಗಲ್ ಮೇಲೆ ಒರೇಕಲ್ 2010ರಲ್ಲಿ ಹೂಡಿದ ದಾವೆಯಲ್ಲೂ ಅಮೆರಿಕದ ಸುಪ್ರೀಂ ಕೋರ್ಟ್ 2021ರಲ್ಲಿ ಅದು ನ್ಯಾಯಯುತ ಬಳಕೆ ಎಂದಿತು. ಆ ಸಾಲುಗಳೂ ಬಹುಪಾಲು ಕರೆಯುವ ಹೆಸರುಗಳು, ದಾರಿಯ ಕಲ್ಲುಗಳು. ಆದರೆ ಒಬ್ಬರು ರಾತ್ರಿ ಕೂತು ಬಿಡಿಸಿದ ಅಕ್ಷರದ ರೂಪ, ಬರೆದ ಪ್ರೋಗ್ರಾಮಿನ ಸಾಲು ದಾರಿಯಲ್ಲ, ಬೆಳೆ. ಕೇಳದೆ ಕೊಯ್ದರೆ ಅದು ಕಳವು. ಕೊಯ್ದವರು ಸರ್ಕಾರದವರಾದರೂ ಕಳವೇ.

ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶ ನೀತಿ ಹೊರಡಿಸಿದೆ. ರಾಜ್ಯವೂ ಟೆಂಡರ್ ಕಾಗದದಲ್ಲೇ ಬರೆಯಲಿ: ಕನ್ನಡಕ್ಕಾಗಿ ಜನರ ದುಡ್ಡು ಹಾಕಿದ ಪ್ರತಿ ತಂತ್ರಾಂಶದ, ಪ್ರತಿ ಫಾಂಟಿನ ಮೂಲ ಸಂಕೇತ ಬಿಡುಗಡೆಯ ದಿನವೇ ಹೊರಗೆ ಬರಬೇಕು, ಲೈಸೆನ್ಸಿನ ಸಮೇತ, ಯಾವ ಭಾಗ ಯಾರಿಂದ ಬಂತು ಎಂಬ ಹೆಸರಿನ ಸಮೇತ. ಹಳೆಯದಕ್ಕೂ ಇದೇ ಆಗಬೇಕು. ನಮ್ಮ ಕೆರೆಯ ವರದಿಯನ್ನು ಕೊನೆಗೆ ಯೂನಿಕೋಡಿಗೆ ತಂದುಕೊಟ್ಟದ್ದು ಸ್ವಯಂಸೇವಕರು ಬರೆದು ಮುಕ್ತವಾಗಿ ಬಿಟ್ಟ ಒಂದು ಪರಿವರ್ತಕ.

ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಬರೆದಿಟ್ಟಿದ್ದೇವೆ. ರಾಜ್ಯದ ಹಣದಲ್ಲಿ ಆದ ಕನ್ನಡ ತಂತ್ರಾಂಶಗಳು ಯಾವುವು, ಒಂದೊಂದಕ್ಕೂ ಎಷ್ಟು ಕೊಟ್ಟಿರಿ, ಯಾವ ಲೈಸೆನ್ಸು, ಮೂಲ ಸಂಕೇತ ಎಲ್ಲಿದೆ? ನಾಲ್ಕೇ ಪ್ರಶ್ನೆ. ಕಾಯ್ದೆಯ ಪ್ರಕಾರ 30 ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರವನ್ನು ಇದ್ದ ಹಾಗೇ ಇಲ್ಲಿ ಹಾಕುತ್ತೇವೆ.