ಔಷಧಿ ಪೆಟ್ಟಿಗೆ: ಘಟ್ಟ ಹತ್ತುವ ಸೈಕಲ್ಲು, ಜೇಬಿನಲ್ಲಿ ಸಕ್ಕರೆ

ಪ್ರತಿ ವರ್ಷ ಈ ಅಂಕಣದಲ್ಲಿ ಆಸ್ಪತ್ರೆಯ ಔಷಧ ಕಿಟಕಿಯ ಒಳಗಿಂದಲೇ ಮಾತಾಡುತ್ತೇವೆ. ಈ ಸಲ ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದಿದ್ದೇವೆ. ನಮ್ಮ ನಡುವೆ ಸೈಕಲ್ ಹುಚ್ಚು ಹತ್ತಿದವರು ಹೆಚ್ಚುತ್ತಿದ್ದಾರೆ. ಅವರಲ್ಲಿ ಬಹಳ ಮಂದಿ ನಲವತ್ತು ದಾಟಿದವರು, ಬೆಳಿಗ್ಗೆ ಸಕ್ಕರೆಗೋ ಬಿಪಿಗೋ ಒಂದು ಮಾತ್ರೆ ನುಂಗಿಯೇ ಪೆಡಲ್ ತುಳಿಯುವವರು. ರಜೆಗೆ ಊರಿಗೆ ಹೋದಾಗ ಘಟ್ಟ ಹತ್ತಬೇಕೆಂಬ ಆಸೆ ಎಲ್ಲರಿಗೂ ಇದೆ.

ಇಲ್ಲಿನ ಅಭ್ಯಾಸವೇ ಬೇರೆ. ಅಲ್ ಕುದ್ರಾದಲ್ಲಿ ಮರಳಿನ ನಡುವೆ 80 ಕಿ.ಮೀ.ಗೂ ಹೆಚ್ಚು ಉದ್ದದ ಸೈಕಲ್ ಹಾದಿಯಿದೆ. ಅಲ್ಲಿ ಕಾರಿಲ್ಲ, ಏರಿಲ್ಲ, ಎದುರಾಗುವುದು ಗಾಳಿಯೊಂದೇ. ಏರು ಬೇಕೆಂದವರು ಜೆಬೆಲ್ ಜೈಸ್‌ಗೆ ಹೋಗುತ್ತಾರೆ. ಅದು ನುಣ್ಣನೆಯ ರಸ್ತೆ, ಒಣ ಕಲ್ಲುಬೆಟ್ಟ. ಊರಿನ ಘಟ್ಟದಲ್ಲಿ ರಸ್ತೆ ಕಿರಿದು, ನೆರಳು ದಟ್ಟ, ಮಳೆ ಬಂದರೆ ಪಾಚಿ. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಬಲಕ್ಕೆ ಹೋಗಿ ರೂಢಿಯಾದವರು ಅಲ್ಲಿ ಎಡಕ್ಕೆ ಹೋಗಬೇಕು. ಊರಿಗೆ ಹೋದ ಮೊದಲೆರಡು ದಿನ ಹಳ್ಳಿ ರಸ್ತೆಯಲ್ಲಿ ಸುತ್ತಾಡಿ ಕೈಕಾಲಿಗೆ ಇದನ್ನು ಕಲಿಸಿದ ಮೇಲೆಯೇ ಘಟ್ಟದ ಮಾತು.

ನಾವು ತುಳಿದು ನೋಡಿದ ಮೂರು ದಾರಿಗಳನ್ನು ಸುಲಭದಿಂದ ಕಷ್ಟದ ಕಡೆಗೆ ಹೇಳುತ್ತೇವೆ.

ಮೊದಲನೆಯದು ಹೊನ್ನಾವರದಿಂದ ಗೇರುಸೊಪ್ಪೆ. ಶರಾವತಿಯ ಜೊತೆಜೊತೆಗೆ ಸುಮಾರು 30 ಕಿ.ಮೀ. ಸಾಗುವ ದಾರಿ. ತೆಂಗು, ಅಡಿಕೆ ತೋಟ, ಆಗಾಗ ಕಾಣಿಸುವ ಹೊಳೆ. ದೊಡ್ಡ ಏರು ಶುರುವಾಗುವುದು ಗೇರುಸೊಪ್ಪೆ ದಾಟಿದ ಮೇಲೆ. ಕಾಳುಮೆಣಸಿನ ರಾಣಿ ಎಂದು ಹೆಸರಾದ ಚೆನ್ನಭೈರಾದೇವಿಯ ಊರು ನೋಡಿ, ತಿಂಡಿ ತಿಂದು ಹಿಂದಿರುಗಿದರೂ ತೃಪ್ತಿಯಾಗುತ್ತದೆ. ಕಾಲಿನಲ್ಲಿ ಕಸುವಿದ್ದವರು ಘಟ್ಟ ಹತ್ತಿ ಜೋಗದ ಕಡೆಗೆ ಹೋಗಬಹುದು. ಹೆದ್ದಾರಿಯಾದ್ದರಿಂದ ಲಾರಿಗಳಿರುತ್ತವೆ, ನಸುಕಿನಲ್ಲೇ ಹೊರಡಬೇಕು.

ಎರಡನೆಯದು ಕುಂದಾಪುರದಿಂದ ಕೊಲ್ಲೂರು, ಸುಮಾರು 40 ಕಿ.ಮೀ. ಹೆಮ್ಮಾಡಿಯವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಗದ್ದಲ. ಅಲ್ಲಿ ಬಲಕ್ಕೆ ತಿರುಗಿದರೆ ವಂಡ್ಸೆ, ಚಿತ್ತೂರು. ಗದ್ದೆ ಕಳೆದು ಕಾಡು ಹತ್ತಿರವಾಗುತ್ತದೆ. ಏರಿಳಿತಗಳು ಸಣ್ಣವೇ ಆದರೂ ಒಂದಾದ ಮೇಲೊಂದು ಬಂದು ತೊಡೆಗೆ ಲೆಕ್ಕ ಕೊಡುತ್ತವೆ. ಕೊಲ್ಲೂರಿನ ಸುತ್ತ ಇರುವುದು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯ. ಮಂಗಗಳಿಗೆ ಬಾಳೆಹಣ್ಣು ಕೊಡಬೇಡಿ. ಅವು ರಸ್ತೆಗೆ ಬರುವುದೇ ಅದಕ್ಕೆ, ವಾಹನದಡಿ ಸಾಯುವುದೂ ಅದಕ್ಕೇ.

ಮೂರನೆಯದು ಎಲ್ಲರ ಕನಸಿನ ಆಗುಂಬೆ. ಉಡುಪಿಯಿಂದ ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ ದಾಟಿ ಸುಮಾರು 55 ಕಿ.ಮೀ. ಹೆಬ್ರಿಯ ತನಕ ದೇಹ ಬಿಸಿಯಾಗುತ್ತದೆ, ಅಷ್ಟೆ. ಸೋಮೇಶ್ವರ ಕಳೆದು ಕಾಡಿನೊಳಗೆ ನುಗ್ಗಿದ ಮೇಲೆ 14 ತಿರುವುಗಳು. ಆಗುಂಬೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಏರಿನ ಬಹುಪಾಲು ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ ಬರುತ್ತದೆ. ಭಾರಿ ವಾಹನಗಳಿಗೆ ಈ ಘಟ್ಟದಲ್ಲಿ ಪ್ರವೇಶವಿಲ್ಲ ಎಂಬುದು ಸೈಕಲ್ಲಿನವರ ಪುಣ್ಯ. ಆದರೆ ಕಾರು, ಮಿನಿ ಬಸ್ಸು ತಿರುವಿನಲ್ಲಿ ಇಡೀ ರಸ್ತೆ ಹಿಡಿಯುತ್ತವೆ. ಹಾರ್ನ್ ಕೇಳಿದರೆ ನಿಂತು ದಾರಿ ಬಿಡಿ. ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿಯದೆ, ಎರಡನ್ನೂ ಬಿಟ್ಟು ಬಿಟ್ಟು ಒತ್ತಿ.

ಈಗ ನಮ್ಮ ಕಿಟಕಿಯ ಮಾತು. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ನಾವು ನಾಲ್ವರು ಆಗುಂಬೆ ಹತ್ತುತ್ತಿದ್ದೆವು. ಎಂಟನೇ ತಿರುವಿನ ಹತ್ತಿರ, ನಮ್ಮಲ್ಲೇ ಅತಿ ಮಾತುಗಾರರಾದ ಗೆಳೆಯರು ಸುಮ್ಮನಾದರು. "ಎಂತ ಮಾರಾಯ್ರೆ, ಸುಸ್ತಾಯ್ತಾ?" ಎಂದು ಕೇಳಿದರೆ, "ಬಸ್ಸು ಎಷ್ಟು ಗಂಟೆಗೆ?" ಎಂದರು. ಕೈ ತಣ್ಣಗೆ, ಅಂಗಿ ಒದ್ದೆ. ಕೂರಿಸಿ ಗ್ಲುಕೋಮೀಟರ್ ಚುಚ್ಚಿದೆವು, 52 ತೋರಿಸಿತು. ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡಿದ್ದರು, ಹೊಟ್ಟೆ ಭಾರವಾದೀತೆಂದು ಎರಡೇ ಇಡ್ಲಿ ತಿಂದಿದ್ದರು. ಸಕ್ಕರೆ ನೀರು ಕುಡಿಸಿ ಹದಿನೈದು ನಿಮಿಷ ಕಾದ ಮೇಲೆ ಮಾತು ಮರಳಿತು. ಬಾಳೆಹಣ್ಣು, ಬಿಸ್ಕತ್ತು ತಿನ್ನಿಸಿ, ಹಿಂದೆ ಬರುತ್ತಿದ್ದ ಮನೆಯವರ ಕಾರಿನಲ್ಲಿ ಕೂರಿಸಿ ಕಳಿಸಿದೆವು. ಒಬ್ಬರೇ ಬಂದಿದ್ದರೆ? ಪಕ್ಕದಲ್ಲೇ ಕಣಿವೆ.

ಹಾಗಾಗಿ ಸಕ್ಕರೆ ಕಾಯಿಲೆಯವರು ತಮ್ಮ ಮಾತ್ರೆಯ ಹೆಸರು ತಿಳಿದಿರಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಸವಾರಿಯ ದಿನ ಪ್ರಮಾಣ ಎಷ್ಟಿರಬೇಕೆಂದು ವೈದ್ಯರನ್ನು ಮೊದಲೇ ಕೇಳಿ, ನೀವಾಗಿಯೇ ಮಾತ್ರೆ ಬಿಡಬೇಡಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲುಕೋಸ್, ಇಲ್ಲವೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು. ದೀರ್ಘ ಸವಾರಿಯ ಪರಿಣಾಮ ಆ ರಾತ್ರಿಯೂ ಇರುತ್ತದೆ, ಮಲಗುವ ಮೊದಲು ಒಮ್ಮೆ ನೋಡಿಕೊಳ್ಳಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎದೆಬಡಿತ, ನಡುಕ ಎಂಬ ಮುನ್ಸೂಚನೆಗಳು ಮರೆಯಾಗಬಹುದು. ಬೆವರು ಮಾತ್ರ ಹೇಳುತ್ತದೆ, ಆದರೆ ಘಟ್ಟದಲ್ಲಿ ಬೆವರದವರು ಯಾರು!

ಬಿಪಿಯವರಿಗೆ ಇನ್ನೊಂದು ಮಾತು. ಮೂತ್ರ ಹೆಚ್ಚಿಸುವ ಮಾತ್ರೆ, ಜೊತೆಗೆ ಟೆಲ್ಮಿಸಾರ್ಟನ್ ಅಥವಾ ಎನಲಾಪ್ರಿಲ್‌ನಂಥದ್ದು, ಅದರ ಮೇಲೆ ಮಂಡಿನೋವಿಗೆಂದು ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್. ಬೆವರಿ ನೀರು ಬತ್ತಿದ ದೇಹದಲ್ಲಿ ಈ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ಸವಾರಿಗೆ ಮುಂಚೆ ‘ಮುನ್ನೆಚ್ಚರಿಕೆಗೆ ಒಂದು’ ಎಂದು ನೋವಿನ ಮಾತ್ರೆ ನುಂಗುವ ಅಭ್ಯಾಸ ಬಿಡಿ.

ಒಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣಕ್ಕೆ ಒಂದು ಲೀಟರ್. ಅದನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಅತಿಯಾಗುತ್ತದೆ. ಬೊಂಡದ ನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿಗೆ ಉಪ್ಪು ಹಾಕಿದ ಮಜ್ಜಿಗೆ ಜೊತೆಯಾಗಲಿ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಬೊಂಡದ ಮೇಲೆ ಬೊಂಡ ಕುಡಿಯಬೇಡಿ.

ಇನ್ನು ಕಾಡಿನ ಸಣ್ಣ ಜೀವಿಗಳು. ಮಳೆಗಾಲದ ಉಂಬಳಕ್ಕೆ ಹೆದರಬೇಕಿಲ್ಲ, ಉಗುರಿನಿಂದ ಮೆಲ್ಲಗೆ ಬಿಡಿಸಿ ಸೋಪು ನೀರಿನಲ್ಲಿ ತೊಳೆದರೆ ಮುಗಿಯಿತು. ಹೆದರಬೇಕಾದ್ದು ನಮ್ಮ ಡಿಸೆಂಬರ್ ರಜೆಯಲ್ಲಿ ಶುರುವಾಗುವ ಉಣುಗಿನ ಕಾಲಕ್ಕೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈ ಉಣುಗಿನಿಂದ ಹರಡುತ್ತದೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ ಜಿಲ್ಲೆಗಳ ಕಾಡಂಚಿನಲ್ಲಿ ಇಂದಿಗೂ ಜನರನ್ನು ಕಾಡುತ್ತಿದೆ. ಡಾಂಬರು ರಸ್ತೆಯ ಮೇಲಿರುವ ತನಕ ಭಯ ಕಡಿಮೆ. ದಣಿವಾಯಿತೆಂದು ತರಗೆಲೆಯ ಮೇಲೆ ಒರಗುವುದು, ಫೋಟೋಕ್ಕೆಂದು ಪೊದೆಯೊಳಗೆ ನುಗ್ಗುವುದು ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಕಾಲಿಗೆ ಡೀಟ್ ಇರುವ ಕ್ರೀಮು ಹಚ್ಚಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ.

ಈ ಪತ್ರಿಕೆಯ ಓದುಗರು ಮರೆಯಬಾರದ ಮಾತು ಇದು. ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ ಬರಬಹುದು. ಅಷ್ಟರಲ್ಲಿ ನಮ್ಮ ರಜೆ ಮುಗಿದು ವಿಮಾನವೂ ಇಳಿದಿರುತ್ತದೆ. ಇಲ್ಲಿನ ವೈದ್ಯರಿಗೆ ಮಲೆನಾಡಿನ ಕಾಯಿಲೆ ತಟ್ಟನೆ ಹೊಳೆಯುವುದು ಕಷ್ಟ. ಆದ್ದರಿಂದ ಜ್ವರ, ತೀವ್ರ ತಲೆನೋವು, ಮೈಕೈನೋವು ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟದೆ ಆಸ್ಪತ್ರೆಗೆ ಹೋಗಿ. ‘ಕರ್ನಾಟಕದ ಪಶ್ಚಿಮ ಘಟ್ಟದ ಕಾಡಿನಲ್ಲಿದ್ದೆ, ಇಂಥ ದಿನ ಹಿಂದಿರುಗಿದೆ’ ಎಂದು ನೀವಾಗಿಯೇ ಹೇಳಿ. ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎಂಬ ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಜೇಬಿಗೆ ಬೇಕಾದ್ದು ಇಷ್ಟು: ಗ್ಲುಕೋಸ್ ಪುಡಿ, ಎರಡು ಒಆರ್‌ಎಸ್ ಪೊಟ್ಟಣ, ನಂಜುನಿರೋಧಕ ಮುಲಾಮು, ಬ್ಯಾಂಡೇಜು, ನಿಮ್ಮ ಮಾತ್ರೆಗಳ ಹೆಸರು, ರಕ್ತದ ಗುಂಪು ಮತ್ತು ಮನೆಯವರ ಫೋನ್ ನಂಬರು ಬರೆದ ಚೀಟಿ. ಇನ್ಸುಲಿನ್ ಪೆನ್ನನ್ನು ಬಿಸಿಲು ಬೀಳುವ ಸೈಕಲ್ ಚೀಲದಲ್ಲಿ ಇಡಬೇಡಿ. ಘಟ್ಟದಲ್ಲಿ ಹಲವೆಡೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಒಬ್ಬರೇ ಹೋಗಬೇಡಿ. ಹೊರಡುವಾಗ ಎಷ್ಟು ಹೊತ್ತಿಗೆ ಹಿಂದಿರುಗುತ್ತೀರೆಂದು ಮನೆಯಲ್ಲಿ ಹೇಳಿ ಹೋಗಿ.

ನಮ್ಮ ಆ ಗೆಳೆಯರು ವೈದ್ಯರ ಸಲಹೆಯಂತೆ ಮಾತ್ರೆ ಬದಲಿಸಿಕೊಂಡು, ಕಳೆದ ವರ್ಷ 14 ತಿರುವುಗಳನ್ನೂ ಹತ್ತಿ ಮುಗಿಸಿದರು. ದಾರಿಯುದ್ದಕ್ಕೂ ಮಾತು ನಿಲ್ಲಿಸಲಿಲ್ಲ. ನಾವೂ ನಿಲ್ಲಿಸಿ ಎನ್ನಲಿಲ್ಲ.