ಸೇವೆಗೆ ಹೊರಟವರ ಎಚ್ಚರ

ಈ ಸಂಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆಮಾಡಿದಾಗ, ಹಳಗನ್ನಡ ಕಾವ್ಯದ ಯಾವುದಾದರೊಂದು ಪ್ರಸಂಗವನ್ನು ಕುರಿತು ಬರೆಯೋಣವೆಂದು ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ತಂದೆ ಮೂಡಿಗೆರೆಯ ಕಡೆಯ ಕಾಫಿತೋಟವೊಂದರಲ್ಲಿ ರೈಟರು. ಮಗಳು ನರ್ಸಿಂಗ್ ಶಿಕ್ಷಣ ಮುಗಿಸಿ ನಾಲ್ಕು ವರ್ಷ ದುಡಿದವಳು. ಆಫ್ರಿಕಾ ಖಂಡದ ಬಡ ದೇಶವೊಂದರ ಹಳ್ಳಿಯ ಆಸ್ಪತ್ರೆಯಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿರಲು ಸಂಸ್ಥೆಯೊಂದು ಅವಳನ್ನು ಕರೆದಿತ್ತು. "ಹೋಗಲೋ ಬೇಡವೋ ಮೇಷ್ಟ್ರೇ? ಅಮ್ಮ ಊಟ ಬಿಟ್ಟಿದ್ದಾರೆ" ಎಂದಳು. ನಾನು ಉತ್ತರ ಹುಡುಕುತ್ತಿರುವಾಗಲೇ, "ಭಯಪಡುವವರಿಂದ ಸೇವೆಯಾಗದು ಎಂದು ವಾರ್ಷಿಕೋತ್ಸವದಲ್ಲಿ ನೀವೇ ಹೇಳಿದ್ದಿರಿ" ಎಂದು ಸೇರಿಸಿದಳು. ನನ್ನ ಮಾತೇ ನನ್ನೆದುರು ಬಂದು ನಿಂತಿತು.

ವೇದಿಕೆಯ ಮೇಲೆ ನಿಂತು ಆಡುವ ಮಾತು ಸುಲಭ. ಒಬ್ಬಳು ತಾಯಿಯ ಮಗಳಿಗೆ ಆಡುವ ಮಾತು ಕಠಿಣ. ಅಂದಿನಿಂದ ಈ ವಿಷಯವನ್ನು ಮನಸ್ಸಿನಲ್ಲಿ ಮಥಿಸುತ್ತ ಬಂದಿದ್ದೇನೆ. ಅದನ್ನೇ ಇಲ್ಲಿ ಓದುಗರಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರಾನದಿಗೆ ಅಡ್ಡಲಾಗಿರುವ ಹೆಬ್ಬಾಳೆಯ ಸೇತುವೆಯನ್ನು ಅರಿಯದವರು ನಮ್ಮಲ್ಲಿಲ್ಲ. ಅದೆಷ್ಟು ಮಳೆಗಾಲಗಳಲ್ಲಿ ಅದು ಮುಳುಗಿತೋ ಲೆಕ್ಕವಿಲ್ಲ. ಕುದುರೆಮುಖದ ಕಡೆ ಮಳೆ ಹಿಡಿಯಿತೆಂದರೆ ಕಳಸದವರು ನೀರು ಏರುವುದನ್ನು ಮೊದಲೇ ಊಹಿಸುತ್ತಾರೆ. ಏರಿದಾಗ ಈಚೆ ದಡದಲ್ಲಿ ಸುಮ್ಮನೆ ಕಾಯುತ್ತಾರೆ. ಬಯಲುಸೀಮೆಯಿಂದ ಬಂದ ಯಾತ್ರಿಕನಾದರೋ, ನೀರು ಮೊಣಕಾಲಿನಷ್ಟೂ ಇಲ್ಲವಲ್ಲ ಎಂದು ವಾಹನ ಇಳಿಸಲು ಹೊರಡುತ್ತಾನೆ. ಕಾದವನು ಹೇಡಿಯಲ್ಲ, ನುಗ್ಗಿದವನು ಶೂರನಲ್ಲ. ಒಬ್ಬನಿಗೆ ನದಿ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ; ವ್ಯತ್ಯಾಸ ಇಷ್ಟೆ.

ಪರದೇಶಕ್ಕೆ ಸೇವೆಗೆಂದು ಹೋಗುವ ನಮ್ಮ ಮಕ್ಕಳು ಅಲ್ಲಿನ ನದಿಯನ್ನು ಅರಿಯದ ಯಾತ್ರಿಕರು. ಇದನ್ನು ಒಪ್ಪಿಕೊಳ್ಳುವುದೇ ಎಚ್ಚರದ ಮೊದಲ ಮೆಟ್ಟಿಲು. ಸಂಸ್ಕೃತದಲ್ಲಿ ಸಾಹಸವೆಂಬ ಪದಕ್ಕೆ ಪರಾಕ್ರಮವೆಂಬ ಅರ್ಥದೊಡನೆ ದುಡುಕು ಎಂಬ ಅರ್ಥವೂ ಉಂಟು. ನಾವು ಮೊದಲನೆಯದನ್ನು ಮೆರೆಸಿ ಎರಡನೆಯದನ್ನು ಮರೆತಿದ್ದೇವೆ. ವಾರ್ಷಿಕೋತ್ಸವದ ದಿನ ನಾನು ಮಾಡಿದ ತಪ್ಪು ಇದೇ.

ಹಾಗೆಂದು ಮನೆಬಾಗಿಲು ಮುಚ್ಚಿ ಕೂರುವುದೂ ವಿವೇಕವಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಮಲೆನಾಡೆಂದರೆ ಚಳಿಜ್ವರದ ನಾಡು. ಬಯಲುಸೀಮೆಯವರು ಇಲ್ಲಿಗೆ ಹೆಣ್ಣು ಕೊಡಲು ಅಂಜುತ್ತಿದ್ದರು. ಸರ್ಕಾರಿ ನೌಕರರು ಮೂಡಿಗೆರೆಗೆ ವರ್ಗವಾಯಿತೆಂದರೆ ಕಂಗೆಡುತ್ತಿದ್ದರು. ಅಂತಹ ಕಾಲದಲ್ಲಿ, ಕಳೆದ ಶತಮಾನದ ಮೂರನೆಯ ಮತ್ತು ನಾಲ್ಕನೆಯ ದಶಕಗಳಲ್ಲಿ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದವರು ಮೈಸೂರು ಸರ್ಕಾರದೊಡನೆ ಸೇರಿ ಮೂಡಿಗೆರೆಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರವನ್ನು ನಡೆಸಿದರು. ಅವರು ಅಂಜಿ ಹಿಂದುಳಿಯಲಿಲ್ಲ, ಕಣ್ಣುಮುಚ್ಚಿ ನುಗ್ಗಲೂ ಇಲ್ಲ. ಯಾವ ಸೊಳ್ಳೆ, ಯಾವ ಹಳ್ಳ, ಯಾವ ತಿಂಗಳು ಎಂದು ಮೊದಲು ಅರಸಿದರು. ಬೆಟ್ಟದ ತೊರೆಗಳ ಹರಿಯುವ ನೀರಿನಲ್ಲೇ ಹುಟ್ಟುವ ಸೊಳ್ಳೆಯ ಜಾತಿಯೊಂದು ಇಲ್ಲಿನ ಜ್ವರಕ್ಕೆ ಕಾರಣವೆಂಬ ತಿಳಿವಳಿಕೆ ಇಂತಹ ಶೋಧನೆಗಳ ಫಲ. ಒಂದು ಕಾಲಕ್ಕೆ ನಮ್ಮ ಬೆಟ್ಟಗಳೇ ಅನ್ಯರಿಗೆ ಅಂಜಿಕೆಯ ನಾಡಾಗಿದ್ದವು ಎಂಬುದನ್ನು ನೆನೆದವರು, ಆಫ್ರಿಕಾ ಎಂದೊಡನೆ ಮುಖ ಸಿಂಡರಿಸಲಾರರು. ಅಲ್ಲಿ ಐವತ್ತಕ್ಕೂ ಮಿಕ್ಕಿದ ದೇಶಗಳುಂಟು. ಒಂದೊಂದರ ಹವೆ ಬೇರೆ, ಆಡಳಿತ ಬೇರೆ, ಅಪಾಯವೂ ಬೇರೆ.

ಅಪಾಯಗಳು ಕಲ್ಪಿತವೂ ಅಲ್ಲ. ಬಾಬಾಬುಡನರು ಏಳು ಬೀಜಗಳನ್ನು ತಂದರೆಂದು ಪ್ರತೀತಿಯಿರುವ ಯೆಮನ್ ದೇಶದಲ್ಲಿ ಯುದ್ಧ ಹಬ್ಬಿದಾಗ, 2015ರಲ್ಲಿ ಭಾರತ ಸರ್ಕಾರವು ನಾಲ್ಕು ಸಾವಿರಕ್ಕೂ ಮಿಕ್ಕಿದ ನಮ್ಮವರನ್ನು ಹಡಗು ವಿಮಾನಗಳಲ್ಲಿ ಕರೆತರಬೇಕಾಯಿತು. ಅವರಲ್ಲಿ ದಾದಿಯರೂ ಅನೇಕರಿದ್ದರು. ಅದೇ ವರ್ಷ ಜುಲೈ ತಿಂಗಳ ಕೊನೆಯಲ್ಲಿ ಲಿಬಿಯಾದ ಸಿರ್ಟೆ ವಿಶ್ವವಿದ್ಯಾಲಯದ ನಾಲ್ವರು ಭಾರತೀಯ ಅಧ್ಯಾಪಕರು ಅಪಹೃತರಾದರು. ಕರ್ನಾಟಕದವರಿಬ್ಬರು ಎರಡು ದಿನಗಳಲ್ಲಿ ಬಿಡುಗಡೆಹೊಂದಿದರು. ಉಳಿದಿಬ್ಬರ ಮನೆಯವರು 2016ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ರೋಗವು ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ರೋಗಿಗಳ ಶುಶ್ರೂಷೆಗೆ ನಿಂತವರೂ ಆ ಬಲಿಗಳಲ್ಲಿ ಸೇರಿದ್ದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೇವೆಗೆ ಹೋದವನ ಪ್ರಾಣ ಅವನೊಬ್ಬನದೇ ಅಲ್ಲ. ಅವನು ಕಾಯಿಲೆ ಬಿದ್ದರೆ ಆ ಬಡ ಆಸ್ಪತ್ರೆಯ ಒಂದು ಹಾಸಿಗೆ ಅವನಿಗೆ ಹೋಗುತ್ತದೆ. ದಾರಿತಪ್ಪಿದರೆ ಅಲ್ಲಿನ ನಾಲ್ವರು ಕೆಲಸ ಬಿಟ್ಟು ಅವನನ್ನು ಹುಡುಕಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದಾಗ ಇದನ್ನು ನಾನು ಕಣ್ಣಾರೆ ಕಂಡೆ. ಉತ್ಸಾಹದಿಂದ ಪರಿಹಾರಕ್ಕೆ ಬಂದ ಪರಸ್ಥಳದ ಯುವಕರ ವಾಹನ ಕೆಸರಿನಲ್ಲಿ ಹೂತುಹೋಯಿತು. ಮನೆ ಕಳೆದುಕೊಂಡವರೇ ಬಂದು ಅದನ್ನು ಎತ್ತಿದರು. ದಾಸೋಹ ಮಾಡಹೋದವನು ಆ ಮನೆಗೆ ಹೊರೆಯಾಗಬಾರದು. ಆದುದರಿಂದ ತನ್ನ ಕ್ಷೇಮವನ್ನು ಮೊದಲೇ ತೂಗಿನೋಡುವುದು ಸ್ವಾರ್ಥವಲ್ಲ, ಸೇವೆಯ ಮೊದಲ ಅಂಗ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಹುಡುಗಿಗೆ ನಾನು ಹೋಗು ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಸಂಸ್ಥೆಗೆ ಮೂರು ಪ್ರಶ್ನೆಗಳನ್ನು ಬರೆದು ಕೇಳೆಂದೆ. ಮೊದಲನೆಯದು: ಇದೇ ಆಸ್ಪತ್ರೆಯಲ್ಲಿ ಕೆಲಸಮಾಡಿ ಮರಳಿದವರು ಯಾರು, ಅವರೊಡನೆ ಮಾತನಾಡಬಹುದೇ? ಎರಡನೆಯದು: ನನಗೆ ಜ್ವರ ಬಂದರೆ ಚಿಕಿತ್ಸೆ ಎಲ್ಲಿ, ವಿಮೆಯ ಹಣ ಯಾರದು? ಮೂರನೆಯದು: ಊರಿನಲ್ಲಿ ಗಲಭೆಯೆದ್ದರೆ ನನ್ನನ್ನು ಯಾವ ದಾರಿಯಿಂದ, ಯಾರ ಖರ್ಚಿನಲ್ಲಿ ಹೊರಗೆ ತರುತ್ತೀರಿ? ಇದಲ್ಲದೆ, ಹಳದಿಜ್ವರವಿರುವ ದೇಶವಾದರೆ ಹೊರಡುವ ಹತ್ತು ದಿನಗಳಿಗೆ ಮುನ್ನವೇ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯಬೇಕು. ವಿದೇಶಾಂಗ ಇಲಾಖೆಯ ಸೂಚನೆಗಳನ್ನು ಓದಬೇಕು. ಅಲ್ಲಿಗೆ ತಲಪಿದೊಡನೆ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಯಿಸಬೇಕು ಎಂದೆ.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆಯುಂಟು. ನಮ್ಮ ಮಕ್ಕಳು ಸೇವೆಗೆ ಹೊರಟಾಗ ಹಾರಹಾಕಿ ಕಳುಹಿಸುವುದಷ್ಟೇ ನಮ್ಮ ಕೆಲಸವಲ್ಲ. ಮರಳಿ ಬರುವ ದಾರಿಖರ್ಚಿಗೊಂದು ನಿಧಿಯನ್ನು ಇಡೋಣ. ವಾರಕ್ಕೊಮ್ಮೆ ಅವರ ಕುಶಲ ವಿಚಾರಿಸುವ ಹೊಣೆಯನ್ನು ಒಬ್ಬರಾದರೂ ಹೊರೋಣ. ಅಧ್ಯಾಪಕ ಮಿತ್ರರು ತ್ಯಾಗದ ಕಥೆಯನ್ನು ಹೇಳುವಾಗ ಸಿದ್ಧತೆಯ ಕಥೆಯನ್ನೂ ಹೇಳಲಿ.

ಸಂಸ್ಥೆಯವರಿಂದ ಮೊದಲೆರಡು ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರ ಬಂದಿದೆ. ಮೂರನೆಯದಕ್ಕೆ ಇನ್ನೂ ಬಂದಿಲ್ಲ. ಹುಡುಗಿ ಕಾಯುತ್ತಿದ್ದಾಳೆ, ತಾಯಿ ಊಟಮಾಡುತ್ತಿದ್ದಾರೆ. ಉತ್ತರ ಬಂದ ದಿನ ನಾನೇ ಅವರ ತೋಟದ ಮನೆಗೆ ಹೋಗಿ, ಮಗಳನ್ನು ಕಳುಹಿಸಿಕೊಡಿ ತಾಯಿ ಎಂದು ಕೇಳುತ್ತೇನೆ. ಬಾರದಿದ್ದರೆ, ಹೆಬ್ಬಾಳೆಯ ದಡದಲ್ಲಿ ನಿಂತವರಂತೆ ಕಾಯೋಣ ಎನ್ನುತ್ತೇನೆ. ಸೇವೆ ಬೇಡುವ ಊರುಗಳು ಜಗತ್ತಿನಲ್ಲಿ ಇನ್ನೂ ಅನೇಕ ಉಂಟು.