ಸಾಕ್ಷಿಯಿಲ್ಲದ ತೀರ್ಪು

ಕಾಪಿ ಹೊಡೆಯುವುದು ನಮ್ಮ ಕಾಲೇಜುಗಳಿಗೆ ಹೊಸದೇನಲ್ಲ. ಗೈಡಿನಿಂದ ಇಳಿಸಿದ ಉತ್ತರ ಸಿಕ್ಕರೆ ನಾವು ಮೇಷ್ಟ್ರುಗಳು ಆ ಗೈಡನ್ನೇ ಹುಡುಗನ ಮುಂದಿಟ್ಟು 'ಇದೇನಪ್ಪಾ?' ಎಂದು ಕೇಳುತ್ತಿದ್ದೆವು. ಅವನು ತಲೆ ತಗ್ಗಿಸುತ್ತಿದ್ದ. ಅಲ್ಲಿ ಸಾಕ್ಷಿಯಿತ್ತು. 2018ರಲ್ಲಿ ಯುಜಿಸಿ ಕೃತಿಚೌರ್ಯದ ನಿಯಮಗಳನ್ನು ತಂದ ಮೇಲೆ ಬಳಕೆಗೆ ಬಂದ ತಂತ್ರಾಂಶಗಳೂ ಯಾವ ಸಾಲು ಯಾವ ಬರಹವನ್ನು ಹೋಲುತ್ತದೆಂದು ತೋರಿಸುತ್ತವೆ. ಆದರೆ ಈಗಿನ ಎಐ ಪತ್ತೆಯ ತಂತ್ರಾಂಶಕ್ಕೆ ತೋರಿಸಲು ಮೂಲವೇ ಇಲ್ಲ. 'ಶೇ. 80 ಯಂತ್ರದ್ದು' ಎಂದು ಒಂದು ಅಂಕಿ ಉಗುಳಿ ಸುಮ್ಮನಾಗುತ್ತದೆ. ಆ ಅಂಕಿಯೊಂದನ್ನೇ ಹಿಡಿದು ವಿದ್ಯಾರ್ಥಿಯನ್ನು ಕಳ್ಳನೆನ್ನುವ ಅಧಿಕಾರ ನಮಗೆ ಎಲ್ಲಿಂದ ಬಂತು ಎಂಬುದೇ ನನ್ನ ತಕರಾರು.

ಇಂಥ ಹಲವು ತಂತ್ರಾಂಶಗಳು ಮುಖ್ಯವಾಗಿ ನೋಡುವುದು, ಒಂದು ಪದದ ಮುಂದೆ ಬರುವ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನು. ಊಹೆಗೆ ಸಿಕ್ಕಿದ್ದು ಯಂತ್ರದ್ದು, ಸಿಗದ್ದು ಮನುಷ್ಯರದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ತನಗೆ ಗೊತ್ತಿರುವಷ್ಟೇ ಇಂಗ್ಲಿಷ್ ಪದಗಳಲ್ಲಿ ಬರೆದರೆ ಅದು ಊಹೆಗೆ ಸಿಗದೆ ಇನ್ನೇನು? ಸರಳವಾಗಿ, ತಪ್ಪಿಲ್ಲದೆ ಬರೆ ಎಂದು ಅವಳಿಗೆ ಹೇಳಿಕೊಟ್ಟವರು ನಾವೇ.

ಇದು ಬರಿಯ ಅನುಮಾನವಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ತಾಯಿನುಡಿಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದಿದ್ದ 91 ಪ್ರಬಂಧಗಳನ್ನು ಏಳು ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದಿದ್ದ ಅವುಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ತಂತ್ರಾಂಶಗಳು ಯಂತ್ರದ ಲೆಕ್ಕಕ್ಕೆ ಹಾಕಿದವು. ಅಮೆರಿಕದ ಎಂಟನೆಯ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಮಾತ್ರ ಅವು ಎಡವಿದ್ದು ಅಪರೂಪ. ಚಾಟ್‌ಜಿಪಿಟಿಯನ್ನು ಹೆತ್ತ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಹೊರತಂದ ಪತ್ತೆಯ ಸಾಧನವನ್ನು, ನಿಖರತೆ ಸಾಲದೆಂದು ಜುಲೈನಲ್ಲಿ ಹಿಂತೆಗೆದುಕೊಂಡಿತು. ಹೆತ್ತವರೇ ಗುರುತಿಸಲಾಗದ ಕೂಸಿಗೆ ನಾವು ಜನ್ಮಪತ್ರ ಬರೆಯಹೊರಟಿದ್ದೇವೆ!

ತಪ್ಪಾಗುವುದು ನೂರಕ್ಕೆ ಒಂದು ಮಾತ್ರ ಎಂದು ಸಮಾಧಾನ ಹೇಳುವವರಿದ್ದಾರೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಆ ಒಂದರ ಲೆಕ್ಕ ಹಾಕಿತು. 2022ರಲ್ಲಿ ತಾನು ತಪಾಸಣೆಗೆ ಕಳಿಸಿದ್ದ 75,000 ಬರಹಗಳಲ್ಲಿ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬರಬಹುದಿತ್ತೆಂದು ಕಂಡು, 2023ರ ಆಗಸ್ಟ್‌ನಲ್ಲಿ ಆ ಸೌಲಭ್ಯವನ್ನೇ ನಿಲ್ಲಿಸಿತು.

ಹಾಗಾದರೆ ಕಳ್ಳರನ್ನು ಬಿಟ್ಟುಬಿಡೋಣವೇ? ಬೇಡ. ಹುಡುಗನನ್ನು ಎದುರಿಗೆ ಕೂರಿಸಿಕೊಂಡು 'ಈ ಮಾತು ಯಾಕೆ ಬರೆದೆ, ಇನ್ನೊಂದು ಉದಾಹರಣೆ ಕೊಡು' ಎಂದು ಕೇಳೋಣ. ತರಗತಿಯಲ್ಲೇ ಒಂದು ಪುಟ ಬರೆಸೋಣ. ಬರೆದವನು ತಡವರಿಸಿಯಾದರೂ ಉತ್ತರಿಸುತ್ತಾನೆ. ಬರೆಸಿಕೊಂಡು ಬಂದವನು ಸಿಕ್ಕಿಬೀಳುತ್ತಾನೆ. ಅರವತ್ತು ಜನರ ತರಗತಿಯಲ್ಲಿ ಇದಕ್ಕೆಲ್ಲ ಪುರಸೊತ್ತೆಲ್ಲಿ ಎನ್ನುತ್ತೀರಿ. ನಿಜ. ಹಾಗಿದ್ದರೆ ನಾಲ್ಕು ಅಸೈನ್‌ಮೆಂಟ್ ಕೊಡುವಲ್ಲಿ ಎರಡು ಕೊಡೋಣ, ಖಾಲಿ ಹುದ್ದೆ ತುಂಬಿ ಎಂದು ಮೇಲಿನವರೊಡನೆ ಜಗಳವಾಡೋಣ. ನಮಗೆ ಓದಲು ಪುರಸೊತ್ತಿಲ್ಲ ಎಂಬುದು ಮಕ್ಕಳ ಅಪರಾಧವಲ್ಲ. ಬರೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಡಿ ಎಂದು ಅವರಿಗೆ ಹೇಳುವ ನಾವು, ಓದುವ ಕೆಲಸವನ್ನು ಅದಕ್ಕೇ ಒಪ್ಪಿಸಿ ಕೂತರೆ ಯಾವ ಮುಖದಿಂದ ಪಾಠ ಹೇಳುವುದು?